ಕತ್ತಲಾದ ಮೇಲೆ ಬಾ

“ಗಡಿಯಾರದ ಗೋಪುರ, ಇಳೀರಿ ಇಳೀರಿ!” ಕಂಡಕ್ಟರ್ ಬಾಗಿಲು ಬಡಿಯುತ್ತಿದ್ದರೂ ಅವನು ಏಳಲಿಲ್ಲ. ಇಳಿಯಬೇಕೆಂದೇ ಬಂದಿದ್ದ. ಆದರೆ ಇಳಿ ಎಂದು ಇನ್ನೊಬ್ಬರು ಹೇಳಿದ ಕೂಡಲೇ ಮೈ ಉರಿಯಿತು.

“ಗೋಪುರ ಬಂದಾಗ ಹೇಳಿ ಅಂದಿದ್ದು ನೀವೇ ಅಲ್ವಾ?”

“ಹೌದು.”

“ಬಂತಲ್ಲ.”

ಇಳಿದ. ಬೆನ್ನ ಹಿಂದೆ ಯಾರೋ ನಕ್ಕರು. ಸಿಟ್ಟು ಬಂದಾಗ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದು ಆಸ್ಪತ್ರೆಯ ಡಾಕ್ಟರ್ ಹೇಳಿದ್ದರು. ಎಳೆದುಕೊಂಡ. ಬಸ್ಸಿನ ಹೊಗೆಯೆಲ್ಲ ಒಳಗೆ ಹೋಯಿತು.

ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ಹೋದ ವರ್ಷ ಒಂದು ದಿನ ಪಾಠದ ನಡುವೆ ಮಾತು ನಿಂತುಹೋಗಿತ್ತು. ಗಂಟೆ ಹೊಡೆದು ವಿದ್ಯಾರ್ಥಿಗಳೆಲ್ಲ ಎದ್ದು ಹೋದ ಮೇಲೂ ಬೋರ್ಡಿನ ಕಡೆ ಮುಖ ಮಾಡಿಕೊಂಡು ನಿಂತೇ ಇದ್ದ. ಆಮೇಲೆ ಮಾನಸಿಕ ಆಸ್ಪತ್ರೆ, ಮಾತ್ರೆ, ಉದ್ದದ ರಜೆ. ಈಗ ಗುಣವಾಗಿತ್ತು. ಗುಣವಾಗಿದೆ ಎಂದು ತೋರಿಸಿಕೊಳ್ಳುವುದಕ್ಕೇ, ಹಿಂದೆಂದೂ ನೋಡಿರದ ಈ ಊರಿಗೆ, ಅಣ್ಣನ ಮನೆಗೆ, ನಿನ್ನೆ ಹೇಳದೆ ಕೇಳದೆ ಬಂದಿದ್ದ. ಊಟಕ್ಕೆ ಕೂತಾಗ ಅವನ ಕೈಯಿಂದ ಚಮಚ ಬಿತ್ತು. ಅತ್ತಿಗೆ ಅಣ್ಣನ ಮುಖ ನೋಡಿದಳು. ಚಮಚ ಯಾರ ಕೈಯಿಂದಲಾದರೂ ಬೀಳುತ್ತದೆ.

ಬೆಳಿಗ್ಗೆ ಅಣ್ಣ ದಿನದ ಪಾಸನ್ನು ತಾನೇ ಅವನ ಜೇಬಿಗೆ ತುರುಕಿದ್ದ. “ಬಸ್ಸು, ಟ್ರಾಮು ಎಲ್ಲಾದಕ್ಕೂ ನಡಿಯುತ್ತೆ. ಗೋಪುರ, ಮ್ಯೂಸಿಯಂ, ಹೊಳೆ, ಒಂದೂ ಬಿಡ್ಬೇಡ. ಕತ್ತಲಾದ ಮೇಲೆ ಬಾ. ದೀಪ ಹಾಕಿದಾಗ ಸೇತುವೆ ಬಹಳ ಚೆನ್ನಾಗಿರುತ್ತೆ.”

“ನೀನೂ ಬಾ.”

“ಕೆಲಸ ಇದೆಯಪ್ಪಾ.”

“ಇವತ್ತು ಭಾನುವಾರ.”

“ಅದಕ್ಕೇ.”

ಅದಕ್ಕೇ ಎಂದರೇನು? ತರ್ಕದ ಮೇಷ್ಟ್ರಿಗೆ ಹೊಳೆದಿರಲಿಲ್ಲ.

ಗೋಪುರ ರಿಪೇರಿಯಲ್ಲಿತ್ತು. ಬುಡದಿಂದ ತುದಿಯವರೆಗೆ ಹಸಿರು ಬಟ್ಟೆ ಸುತ್ತಿದ್ದರು. ಜನ ಆ ಬಟ್ಟೆಯ ಮುಂದೆಯೇ ನಿಂತು, ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಳಗೆ ಗೋಪುರ ಇಲ್ಲದೇ ಹೋದರೂ ಇವರಿಗೆ ಏನೂ ನಷ್ಟವಿರಲಿಲ್ಲ. ಇವರೆಲ್ಲ ಗುಣವಾಗಿರುವವರು, ಅಂದುಕೊಂಡ.

ಟ್ರಾಮು ಹಿಡಿದು ಮ್ಯೂಸಿಯಮ್ಮಿಗೆ ಹೋದ. ಯಾವನೋ ಅರಸನ ಮಲಗುವ ಕೋಣೆ. ಮಂಚದ ಸುತ್ತ ಹಗ್ಗ ಕಟ್ಟಿದ್ದರು. ಹೊದಿಕೆ ಸುಕ್ಕಿಲ್ಲದೆ ಹಾಸಿತ್ತು. ಅಲ್ಲಿ ನಿಂತಿದ್ದಾಗ ಫೋನು ಬಂತು. ಅಣ್ಣನ ಮಗಳು.

“ಚಿಕ್ಕಪ್ಪಾ, ಊರು ತಲುಪಿದ್ರಾ?”

“ಯಾವ ಊರು?”

“ನಿಮ್ಮೂರು! ನಾನು ಏಳೋದ್ರೊಳಗೆ ಹೊರಟೇಬಿಟ್ಟಿದ್ರಿ. ಕಾಲೇಜಿಂದ ಅರ್ಜೆಂಟಾಗಿ ಕರೆದ್ರಂತಲ್ಲ, ಅಪ್ಪ ಹೇಳಿದ್ರು. ಒಂದು ದಿನ ಇದ್ದಿದ್ರೆ ಅವರನ್ನೆಲ್ಲ ನೋಡ್ಬಹುದಿತ್ತು.”

“ಯಾರನ್ನ?”

“ಅಪ್ಪ ಹೇಳ್ಲಿಲ್ವಾ? ನಾನು ಮದುವೆ ಆಗ್ಬೇಕು ಅಂತಿರೋ ಹುಡುಗನ ಅಪ್ಪ ಅಮ್ಮ. ಇವತ್ತು ಮಧ್ಯಾಹ್ನ ಊಟಕ್ಕೆ ಬರ್ತಿದಾರೆ.”

“ಹೇಳಿದ್ದ. ಮರ್ತಿದ್ದೆ.”

“ಹುಷಾರಾಗಿದೀರಿ ತಾನೇ?”

“ಹುಷಾರಾಗಿದೀನಿ.”

ಕಾವಲಿನವನು ಬಳಿಗೆ ಬಂದ. “ಇಲ್ಲಿ ಮಾತಾಡೋ ಹಾಗಿಲ್ಲ ಸಾರ್.”

“ನಾನು ಮಾತಾಡ್ಲೇ ಇಲ್ವಲ್ಲ!” ಅವನ ದನಿಗೆ ಪಕ್ಕದ ಕೋಣೆಯವರೂ ತಿರುಗಿ ನೋಡಿದರು.

ಮನೆತನದಲ್ಲಿ ಹುಚ್ಚಿದ್ದರೆ ಸಂಬಂಧ ಕೂಡಿಬರುವುದಿಲ್ಲ. ತಮ್ಮನಿಗೆ ಹುಚ್ಚು. ಆದ್ದರಿಂದ ತಮ್ಮ ಊರು ನೋಡಬೇಕು. ತಪ್ಪು ಹುಡುಕಲು ಎಡೆಯೇ ಇಲ್ಲದ ತರ್ಕ. ತರಗತಿಯಲ್ಲಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದ.

ಅಣ್ಣನ ಮನೆಯ ಕಡೆಗೆ ಹೋಗುವ ಬಸ್ಸು ಹತ್ತಿದ. ಮನೆಯ ಬಾಗಿಲಲ್ಲಿ ನಿಂತು ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡ. ನಾನು ಅವನ ತಮ್ಮ. ಅಣ್ಣನಾದ ಅವನಿಗೇ ಪಾಠ ಹೇಳಿಕೊಟ್ಟು ಪರೀಕ್ಷೆ ಪಾಸು ಮಾಡಿಸಿದವನು. ನಿಮ್ಮ ಮನೆಯಲ್ಲಿ ಯಾರೂ ಗೋಡೆ ನೋಡುತ್ತ ನಿಂತಿಲ್ಲವೇ? ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ತನ್ನ ತುಟಿ ಅಲುಗುತ್ತಿದೆಯೆಂದು ಆಗ ಗೊತ್ತಾಯಿತು. ಹೊಳೆ ಬಂತು, ಸೇತುವೆ ಬಂತು. ಅಣ್ಣ ನೋಡೆಂದಿದ್ದ ಎಂಬ ಒಂದೇ ಕಾರಣಕ್ಕೆ ಮುಖ ತಿರುಗಿಸಿ ಕೂತ.

ಮನೆಯ ಮುಂದೆ ಎಲ್ಲರೂ ನಿಂತಿದ್ದರು. ಊಟ ಮುಗಿದು ಬೀಳ್ಕೊಡುವ ಹೊತ್ತು. ಅಣ್ಣ, ಅತ್ತಿಗೆ, ಮಗಳು, ಆ ಹುಡುಗ, ಹುಡುಗನ ತಾಯಿ, ತಂದೆ. ಅವನು ಗೇಟು ಹಿಡಿದುಕೊಂಡ.

ಅಣ್ಣನ ಮುಖ ಬಿಳಿಚಿತು. ಒಂದು ಕ್ಷಣವಷ್ಟೇ.

“ಯಾರು ಬೇಕಾಗಿತ್ತು?” ಎಂದ.

ಮಗಳ ಬಾಯಿ ತೆರೆಯಿತು. ‘ಚಿ’ ಎನ್ನುವಷ್ಟು ಹೊರಗೆ ಬಂದಿತ್ತು. ಅತ್ತಿಗೆ ಅವಳ ತೋಳು ಹಿಡಿದಳು. ಹುಡುಗಿ ಅವನನ್ನೊಮ್ಮೆ, ಆ ಹುಡುಗನನ್ನೊಮ್ಮೆ ನೋಡಿದಳು. ನಿಧಾನವಾಗಿ ತಲೆ ತಗ್ಗಿಸಿದಳು.

ಜೋಡಿಸಿಕೊಂಡಿದ್ದ ಮಾತೆಲ್ಲ ಗಂಟಲಿಗೆ ಬಂದು ನಿಂತಿತು.

“ಬಸ್ ಸ್ಟಾಪು ಎಲ್ಲಿ ಬರುತ್ತೆ?” ಎಂದ.

“ಊರಿಗೆ ಹೊಸಬ್ರಾ?” ಹುಡುಗನ ತಂದೆ ಮುಂದೆ ಬಂದರು. ಹೊಟ್ಟೆ ತುಂಬಿದ, ಸಂತೋಷವಾಗಿದ್ದ ಮನುಷ್ಯ. “ಬನ್ನಿ ಬನ್ನಿ, ತಿರುವಿನ ತನಕ ನಾನೇ ತೋರಿಸ್ತೀನಿ. ಉಂಡಿದ್ದೂ ಅರಗುತ್ತೆ.”

ಅವನ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆದರು. ಆಸ್ಪತ್ರೆಯಿಂದ ಬಂದ ಮೇಲೆ ಯಾರೂ ಅವನನ್ನು ಹೀಗೆ ಮುಟ್ಟಿರಲಿಲ್ಲ.

“ಒಬ್ಬರೇ ಬಂದಿದೀರಾ? ನಿಮ್ಮವರು ಯಾರೂ ಇಲ್ವಾ ಇಲ್ಲಿ?”

“ಇಲ್ಲ.”

“ತಮಾಷೆ ನೋಡಿ, ನಿಮ್ಮ ಮೂಗು ನಮ್ಮ ಬೀಗರ ಮೂಗಿನ ಹಾಗೇ ಇದೆ. ಒಳ್ಳೇ ಜನ ಅವರು. ಈಗ ತಾನೇ ಮಾತು ಗಟ್ಟಿ ಆಯ್ತು.”

“ಸಂತೋಷ,” ಎಂದ. ಹಿಂದೆ ತಿರುಗಿ ನೋಡಿದರೆ ಗೇಟಿನ ಬಳಿ ಯಾರೂ ಇರಲಿಲ್ಲ.

ಬಂದ ಬಸ್ಸನ್ನು ನಂಬರು ನೋಡದೆ ಹತ್ತಿ ಕೊನೆಯ ಸೀಟಿನಲ್ಲಿ ಕೂತ. ಅಣ್ಣ ಸುಳ್ಳು ಹೇಳಿದ್ದ, ಸರಿ. ಆದರೆ ಆ ಸುಳ್ಳನ್ನು ಪೂರ್ತಿ ಮಾಡಿದವನು ಯಾರು? ಬಸ್ ಸ್ಟಾಪು ಕೇಳಿದವನು ಯಾರು? ಇಲ್ಲ ಎಂದವನು ಯಾರು? ಅಣ್ಣನಿಗೆ ಹೊಡೆಯಬೇಕಿದ್ದ ಮುಷ್ಟಿಯಿಂದ ತನ್ನ ತೊಡೆಗೇ ಗುದ್ದಿಕೊಂಡ. ಮತ್ತೆ ಗುದ್ದಿಕೊಂಡ. ಮೊಣಕಾಲಿಗೆ ಹಣೆ ಒತ್ತಿ ಬಗ್ಗಿಬಿಟ್ಟ. ಸ್ಟಾಪುಗಳು ಬಂದವು, ಜನ ಇಳಿದರು.

ತಲೆ ಎತ್ತಿದಾಗ ಬಸ್ಸು ಡಿಪೋದೊಳಗೆ ನಿಂತಿತ್ತು. ಡ್ರೈವರ್ ಹಿಂದೆ ನೋಡದೆ ಇಳಿದು, ಹೊರಗಿನಿಂದ ಬಾಗಿಲು ಮುಚ್ಚಿ ನಡೆದುಹೋಗುತ್ತಿದ್ದ. ಅವನು ಎದ್ದು ಬಾಗಿಲಿನತ್ತ ಓಡಿದ. ಅಷ್ಟರಲ್ಲಿ ಎರಡೂ ಕಡೆಯಿಂದ ನೀರು ಸಿಡಿಯಿತು. ಬಸ್ಸು ತೊಳೆಯುವ ಯಂತ್ರದ ಆಳೆತ್ತರದ ಬ್ರಷ್ಷುಗಳು ಗರಗರ ತಿರುಗುತ್ತ ಕಿಟಕಿಗಳಿಗೆ ಅಪ್ಪಳಿಸಿದವು. ನೊರೆ ಗಾಜುಗಳನ್ನೆಲ್ಲ ಮುಚ್ಚಿತು. ಒಳಗೆ ಮಬ್ಬಾಯಿತು.

ಆಗ ಅವನು ಕೂಗಿದ. ನಾನು ಅವನ ತಮ್ಮ! ಗಂಟಲಲ್ಲಿ ನಿಂತದ್ದೆಲ್ಲ ಒಂದೂ ಬಿಡದೆ ಹೊರಗೆ ಬಂತು. ಗಾಜಿಗೆ ಕೈಯಿಂದ ಹೊಡೆದ, ತಲೆಯಿಂದ ಹೊಡೆದ. ಗಾಜಿನ ಆಚೆ ಬ್ರಷ್ಷು ಅದೇ ಜಾಗಕ್ಕೆ ಬಡಿಯಿತು, ಸರಿಯಿತು, ಮತ್ತೆ ಬಡಿಯಿತು. ನೀರಿನ ಮೊರೆತದಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ. ಅಷ್ಟು ನೀರಿನಲ್ಲಿ ಒಂದು ಹನಿಯೂ ಅವನ ಮೈಮೇಲೆ ಬೀಳಲಿಲ್ಲ. ಹೊರಗಡೆ ಬಸ್ಸು ತೊಳೆಸಿಕೊಂಡು ಸ್ವಚ್ಛವಾಗುತ್ತಿತ್ತು.