ಊಟ ಆಗಿಲ್ರಿ

2007ರ ಜೂನ್ 12, ಮಂಗಳವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಧಾರವಾಡದ ನನ್ನ ಇಂಟರ್‌ನೆಟ್ ಸೆಂಟರಿಗೆ ಸಾವಕ್ಕ ಎಂದಿನಂತೆ ರೊಟ್ಟಿಯ ಡಬ್ಬಿ ತಂದಿಟ್ಟಳು.

“ಊಟ ಆತೇನ್ರಿ ಸೌಮ್ಯಕ್ಕಾರ?”

ಊಟವನ್ನೇ ತಂದವಳು ಊಟವಾಯಿತೇ ಎಂದು ಕೇಳುವುದು ನನಗೆ ದಿನವೂ ನಗು ತರಿಸುತ್ತಿತ್ತು. ಅಂದೂ ನಕ್ಕೆ. ಅವಳು ನಗಲಿಲ್ಲ, ಹೋಗಲೂ ಇಲ್ಲ.

“ಕಂಪ್ಯೂಟರಿನ್ಯಾಗ ಒಂದು ಪುಟ ಐತಂತ್ರಿ. ತಗದು ಓದಿ ಹೇಳ್ತೀರೇನು?”

ಮನೆ ಬಾಗಿಲಿಗೆ ಬಂದ ಯಾರೋ ಒಬ್ಬ ಹೇಳಿದ ತಾಣದ ಹೆಸರನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಳು. ನಾನು ಟೈಪ್ ಮಾಡಿದೆ. ತೆರೆದುಕೊಂಡ ಪುಟವನ್ನು ನೋಡಿ ಮಾನಿಟರನ್ನು ಗೋಡೆಯ ಕಡೆ ತಿರುಗಿಸಿದೆ. ಊರೂರಿನ ಹೆಂಗಸರ ಪಟ್ಟಿ. ಅವರ ಬಳಿ ಹೋಗಿಬಂದ ಗಂಡಸರು ಬರೆದ ಅಭಿಪ್ರಾಯ. ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸು. ಹುಬ್ಬಳ್ಳಿ-ಧಾರವಾಡದ ಕೆಳಗೆ ‘ಕಾವೇರಿ’ ಎಂದಿತ್ತು.

“ಅದು ನನ್ನ ಆವಾಗಿನ ಹೆಸರ್ರಿ,” ಎಂದಳು.

ನಾನು ಕಾಲೇಜಿನಲ್ಲಿದ್ದಾಗ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದರು: ಕಂಡದ್ದನ್ನು ಮೊದಲು ಓದು, ಬೆರಗಾಗುವುದು ಆಮೇಲೆ. ನಾನು ಅವಳ ಮುಖ ನೋಡದೆ ಪರದೆಯನ್ನೇ ನೋಡಿದೆ.

“ಮ್ಯಾಲ ಏನ ಬರದೈತ್ರಿ?”

“ಎಸ್ಕಾರ್ಟ್ ಅಂತ.”

“ಅಂದ್ರ?”

“ಜೋಡಿ ಹೋಗಾವ್ರು ಅಂತ. ಮಂತ್ರಿ ಕಾರಿನ ಮುಂದ ಪೊಲೀಸ್ ಜೀಪ್ ಹೋಗ್ತದಲ್ಲ, ಅದಕ್ಕೂ ಹಂಗ ಅಂತಾರ.”

“ನನ್ನ ಮುಂದ ಯಾವ ಜೀಪೂ ಹೋಗಿಲ್ರಿ,” ಎಂದಳು. “ಓದ್ರಿ. ನಡುವ ಬಿಡಬ್ಯಾಡ್ರಿ.”

ನಾಲ್ಕು ಅಭಿಪ್ರಾಯಗಳಿದ್ದವು, ಎಲ್ಲವೂ 2005ರವು. ನಾನು ಕನ್ನಡ ಮಾಡುತ್ತ ಹೋದೆ. ಎರಡು ಕಡೆ ನನ್ನ ನಾಲಗೆ ತಡವರಿಸಿತು; ಅವಳೇ ಆ ಮಾತುಗಳನ್ನು ಪೂರ್ತಿ ಮಾಡಿದಳು. ಕೊನೆಯದು ಬೇರೆ ತರಹ ಇತ್ತು. “ಒಳಗೆ ಹೋದ ಕೂಡಲೇ ‘ಊಟ ಆತೇನ್ರಿ’ ಎಂದು ಕೇಳುತ್ತಾಳೆ. ಇಲ್ಲ ಎಂದರೆ ಬಿಸಿ ರೊಟ್ಟಿ ಹಾಕುತ್ತಾಳೆ. ಇಂಥ ಹೆಂಗಸಿಗೆ ಒಳ್ಳೆಯ ಗಿರಾಕಿಗಳು ಸಿಗಲಿ ಎಂದು ಬರೆಯುತ್ತಿದ್ದೇನೆ. ಹಿಟ್ಟಿನ ಗಿರಣಿಯ ಹಿಂದೆ, ರೊಟ್ಟಿ ಬಡಿಯುವ ಸಪ್ಪಳ ಕೇಳುವ ಮನೆ.” ಹತ್ತಕ್ಕೆ ಹತ್ತು.

“ಅಂವ ತಾರಿಹಾಳದ ಫ್ಯಾಕ್ಟರಿಯಾಗ ಕೆಲಸಕ್ಕಿದ್ದ,” ಎಂದಳು ಸಾವಕ್ಕ. “ಉಣ್ಣಕೋಂತ ಅತ್ತಿದ್ದ. ಕೆಟ್ಟಂವ ಅಲ್ರಿ. ನನಗ ಛಲೋ ಆಗ್ಲಿ ಅಂತ ಬರದಾನ.”

ಆ ಕೆಲಸ ಬಿಟ್ಟು ಅವಳಿಗೆ ಎರಡು ವರ್ಷವಾಗುತ್ತ ಬಂದಿತ್ತು. ಈಗ ಅದೇ ಒಲೆಯ ಮೇಲೆ ಕಾಲೇಜು ಹುಡುಗರಿಗೆ, ನನ್ನಂಥವರಿಗೆ ರೊಟ್ಟಿ ಮಾಡಿ ಕೊಡುತ್ತಿದ್ದಳು. ಬಾಗಿಲಿಗೆ ಬರುವ ಹುಡುಗರು “ಊಟ ಆಗಿಲ್ರಿ ಅಕ್ಕಾ” ಎನ್ನುತ್ತಿದ್ದರು. ಈ ಪುಟ ಓದಿ ಬರುವವರೂ ಅದನ್ನೇ ಅನ್ನತೊಡಗಿದ್ದರು. ಅದು ಗುರುತಿನ ಮಾತಾಗಿತ್ತು.

“ನಗೋದ್ರಾಗ ಗೊತ್ತಾಗ್ತೈತ್ರಿ,” ಎಂದಳು. “ಹಸದಂವ ನಗೂದಿಲ್ಲ. ಮನಿ ಮಾಲಕ ಕುಬೇರಪ್ಪಗೋಳು ಹೇಳ್ಯಾರ, ಇನ್ನೊಬ್ಬ ಅಂಥಾಂವ ಬಾಗಲಾ ಬಡದ್ರ ಮನಿ ಖಾಲಿ ಮಾಡಬೇಕಂತ. ಮನಿ ಹೋದ್ರ ಒಲಿ ಹೋತು. ಒಲಿ ಹೋದ್ರ ನಾ ಮತ್ತ ಆ ಕಾವೇರಿನ ಆಗಬೇಕಾಗ್ತೈತ್ರಿ. ಇದನ್ನ ಅಳಸ್ರಿ.”

ಅಳಿಸುವುದು ನನ್ನ ಕೈಯಲ್ಲಿರಲಿಲ್ಲ. ತಾಣ ನಡೆಸುವವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ಮೂರನೆಯ ದಿನ ಉತ್ತರ ಬಂತು, ಬಹಳ ಸಭ್ಯವಾಗಿ. ಅಭಿಪ್ರಾಯ ಬರೆದವರ ಸ್ವಾತಂತ್ರ್ಯವನ್ನು ನಾವು ಗೌರವಿಸುತ್ತೇವೆ. ಆಕ್ಷೇಪವಿರುವ ಮಹಿಳೆ ತಾನೇ ಆ ಮಹಿಳೆ ಎಂಬುದಕ್ಕೆ ಮುಖ ಕಾಣುವ ಫೋಟೋ ಮತ್ತು ಫೋನ್ ನಂಬರ್ ಕಳಿಸಿದರೆ ಪರಿಶೀಲಿಸುತ್ತೇವೆ.

“ಹೆಸರ ಅಳಸಾಕ ಮುಖ ಕೊಡಬೇಕೇನ್ರಿ?” ಎಂದು ಕೇಳಿದಳು ಸಾವಕ್ಕ. ಆಮೇಲೆ ಪರದೆಯ ಕಡೆ ನೋಡಿ, “ಮಾರ್ಕ್ಸ್ ಎಷ್ಟ ಅದಾವ್ರಿ?” ಎಂದಳು.

“ಸರಾಸರಿ ಒಂಬತ್ತು.”

“ಫೇಲ್ ಮಾಡ್ರಿ ನನ್ನ. ಕೆಟ್ಟಾಕಿ ಅಂತ ಬರದ್ರ ಯಾರ ಬರ್ತಾರ?”

“ಊರ ಬಿಟ್ಟ ಹೋಗ್ಯಾಳ ಅಂತ ಬರೀಲಿ?”

“ಹೌದೋ ಅಲ್ಲೋ ಅಂತ ಬಂದ ನೋಡ್ತಾರ್ರಿ. ಕೆಟ್ಟಾಕಿ ಅಂತ ಬರೀರಿ.”

ನಾನು ಗಂಡಸಿನ ಹೆಸರಿನಲ್ಲಿ ಆ ತಾಣದ ಸದಸ್ಯಳಾದೆ. ಅವಳು ಹೇಳುತ್ತ ಹೋದಳು: ಮನೆ ಹೊಲಸು, ಮಾತು ಒರಟು, ರೊಕ್ಕ ಕದಿಯುತ್ತಾಳೆ. ರೊಟ್ಟಿ ಚರ್ಮದಂತಿದೆ ಎಂದು ನಾನೇ ಸೇರಿಸಹೊರಟೆ.

“ರೊಟ್ಟಿ ಸುದ್ದಿ ಬ್ಯಾಡ್ರಿ,” ಎಂದು ನನ್ನ ಕೈ ಹಿಡಿದಳು. “ಅದೊಂದ ಇರಲಿ.”

ಒಂದು ಮಾರ್ಕು ಕೊಟ್ಟೆ. ಸರಾಸರಿ 7.4ಕ್ಕೆ ಇಳಿಯಿತು.

“ಫೇಲ್ ಏನ್ರಿ?”

“ಇನ್ನೂ ಫಸ್ಟ್ ಕ್ಲಾಸ್ ಐತಿ.”

ಫೇಲ್ ಆಗಲು ಅಂಥ ಒಂಬತ್ತು ಬೇಕಿದ್ದವು. ನನ್ನ ಆರೂ ಕಂಪ್ಯೂಟರುಗಳಿಗೆ ಇದ್ದದ್ದು ಒಂದೇ ಲೈನು. ಒಂದು ಲೈನಿನಿಂದ ಒಂದೇ ಅಭಿಪ್ರಾಯವನ್ನು ಆ ತಾಣ ತೆಗೆದುಕೊಳ್ಳುತ್ತಿತ್ತು. ಅದನ್ನು ಹೇಳಿದಾಗ ಅವಳು ಮೊದಲ ಬಾರಿಗೆ ನಕ್ಕಳು. “ಸಾಲ್ಯಾಗ ಫೇಲ್ ಆಗೂದು ಎಷ್ಟ ಸುಲಭ ಇತ್ತರಿ.”

ವಾರ ಕಳೆದು ನೋಡಿದರೆ ಮೂವರು ನಮ್ಮ ಮೇಲೆ ಹರಿಹಾಯ್ದಿದ್ದರು. ಇದು ಹೊಟ್ಟೆಕಿಚ್ಚಿನವರ ಸುಳ್ಳು, ಕಾವೇರಿ ಬಂಗಾರದಂಥವಳು ಎಂದು ಬರೆದು ಒಬ್ಬೊಬ್ಬನೂ ಹತ್ತು ಕೊಟ್ಟಿದ್ದ. ಅವರಲ್ಲೊಬ್ಬ ಹೋದ ವಾರವಷ್ಟೇ ಅವಳ ಮನೆಯಲ್ಲಿ ಉಂಡು ಬಂದೆ ಎಂದಿದ್ದ.

“ಹ್ವಾದ ವಾರ ಯಾರೂ ಬಂದಿಲ್ರಿ,” ಎಂದಳು ಸಾವಕ್ಕ. “ಎರಡ ವರ್ಷ ಆತು, ಯಾರನ್ನೂ ಹೊಸ್ತಲಾ ದಾಟಿಸಿಲ್ಲ.”

“ಗೊತ್ತೈತಿ.”

“ನಿಮಗ ಗೊತ್ತೈತಿ. ಓದಾವ್ರಿಗೆ ಹೆಂಗ ಗೊತ್ತಾಗಬೇಕು?”

ನಾವು ಬರೆದದ್ದು ಸುಳ್ಳು, ಅವರು ಬರೆದದ್ದೂ ಸುಳ್ಳು. ಪರದೆಯ ಮೇಲೆ ಎರಡೂ ಒಂದೇ ಅಳತೆಯ ಅಕ್ಷರಗಳಲ್ಲಿದ್ದವು.

ಜೂನ್ ತಿಂಗಳ ಕೊನೆಯ ಶನಿವಾರ ಸಂಜೆ ಇಬ್ಬರು ಬೈಕಿನ ಮೇಲೆ ಬಂದರು. ಕಟ್ಟೆಯ ಮೇಲೆ ಕೂತಿದ್ದ ಕುಬೇರಪ್ಪನವರನ್ನೇ, “ಕಾಕಾ, ಊಟ ಆಗಿಲ್ರಿ, ಯಾ ಮನಿ?” ಎಂದು ಕೇಳಿ ಒಬ್ಬರನ್ನೊಬ್ಬರು ನೋಡಿ ನಕ್ಕರು. ಕುಬೇರಪ್ಪ ಬೈಯುವ ಮನುಷ್ಯನಲ್ಲ. “ನಮ್ಮನ್ಯಾಗೂ ಹೆಣ್ಣಮಕ್ಕಳದಾರ, ಸಾವಕ್ಕ,” ಎಂದಷ್ಟೇ ಹೇಳಿದರಂತೆ. ಮರುದಿನ ಅವಳ ಪರವಾಗಿ ಮಾತಾಡಲು ಹೋದ ನನಗೂ ಚಹಾ ಕೊಟ್ಟು ಅದನ್ನೇ ಹೇಳಿದರು. ನಾನು ಚಹಾ ಕುಡಿದು ಬಂದೆ.

ಸೋಮವಾರ ಸಾವಕ್ಕ ಕೊನೆಯ ಡಬ್ಬಿ ತಂದಳು. ಧಾರವಾಡದ ಹೊರಗೆ ಬೇಲೂರಿನ ಕಾರ್ಖಾನೆಗಳ ಕಡೆ ಒಂದು ಬಾಡಿಗೆ ಖೋಲಿ ಸಿಕ್ಕಿದೆ, ಆದರೆ ಅಲ್ಲಿ ಒಲೆ ಹೂಡಲು ಬಿಡುವುದಿಲ್ಲ ಎಂದಳು. ಮುಂದೇನು ಎಂದು ನಾನು ಕೇಳಲಿಲ್ಲ. ಊಟ ಆತೇನ್ರಿ ಎನ್ನದೆ ಅವಳು ಮೆಟ್ಟಿಲಿಳಿದದ್ದು ಅದೇ ಮೊದಲು.

ರೊಟ್ಟಿ ಇನ್ನೂ ಬಿಸಿಯಿತ್ತು. ನಾನು ಪುಟ ತೆರೆದೆ. ತಾಣದವರು ಒಂದು ಅಭಿಪ್ರಾಯವನ್ನು ಸುಳ್ಳೆಂದು ತೀರ್ಮಾನಿಸಿ ತೆಗೆದುಹಾಕಿದ್ದರು: ನಾವು ಬರೆದದ್ದನ್ನು. ಅದಕ್ಕೆ ಉತ್ತರವಾಗಿ ಬಂದ ಮೂರೂ ಹಾಗೆಯೇ ಉಳಿದಿದ್ದವು. ಗಿರಣಿಯ ಹಿಂದಿನ ಮನೆಯ ವಿಳಾಸವೂ ಇತ್ತು. ಒಟ್ಟು ಏಳು ಅಭಿಪ್ರಾಯ, ಸರಾಸರಿ 9.4.