ದೊಡ್ಡದು ಮಾಡು

ಹೊಸ ಸ್ಪೀಕರೋ ಹಳೆಯ ಸ್ಪೀಕರೋ ಎಂಬ ಚರ್ಚೆ ವೆಸ್ಟ್ ಮಾಂಬಲಂನ ಆ ಫ್ಲ್ಯಾಟಿನಲ್ಲಿ ಮಳೆಗಾಲ ಮುಗಿದರೂ ಮುಗಿಯಲಿಲ್ಲ. ಮುರಳೀಧರ ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದ. ಜೀವಮಾನದಲ್ಲಿ ಒಮ್ಮೆಯಾದರೂ ಒಳ್ಳೆಯ ಸ್ಪೀಕರಿನಲ್ಲಿ ಸಂಗೀತ ಕೇಳಬೇಕೆಂಬುದು ಅವನ ಆಸೆ.

ಮೌಂಟ್ ರೋಡಿನ ಅಂಗಡಿಯವರು ಗಾಜಿನ ಕೋಣೆಯಲ್ಲಿ ಕೂರಿಸಿ ಹೊಸ ಜೋಡಿಯನ್ನು ಕೇಳಿಸಿದರು. ತೆಳ್ಳಗೆ ಎತ್ತರವಾಗಿ, ಮದುವಣಗಿತ್ತಿಯರ ಹಾಗೆ ನಿಂತಿದ್ದವು. ವೀಣೆಯ ತಂತಿಗೆ ಉಗುರು ತಾಗಿದ್ದೂ ಕೇಳುತ್ತಿತ್ತು.

"ಅಪ್ಪಾ, ಪುದುಸೇ ವಾಂಗಲಾಂಪಾ," ಎಂದಳು ಮಗಳು ಸುಮೇಧಾ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೂ ಅವಳ ಉತ್ತರ ತಮಿಳಿನಲ್ಲೇ.

"ಹೊಸದಕ್ಕೆ ಒಂದು ವೋಟು ಬಿತ್ತು," ಎಂದು ಮುರಳೀಧರ ಹೆಂಡತಿಯ ಕಡೆ ತಿರುಗಿದ. "ನಿಂದು?"

"ನನ್ನೇನ ಕೇಳ್ತೀರಿ? ನಿಮಗ ಸರಿ ಕಂಡದ್ದು ತಗೋರಿ," ಎಂದಳು ಕಲಾವತಿ.

ಮದುವೆಯಾದಂದಿನಿಂದ ಅವಳು ಎಲ್ಲದಕ್ಕೂ ಕೊಡುತ್ತ ಬಂದ ಉತ್ತರ ಅದು. ಧಾರವಾಡದಿಂದ ಬಂದವಳು. ಹೆಣ್ಣು ನೋಡಲು ಬಂದ ಮುರಳೀಧರನ ತಾಯಿ ಅಂಬುಜಮ್ಮ ಅವಳು ಹಾಡಿದ ದೇವರನಾಮ ಕೇಳಿ, ಉಪ್ಪಿಟ್ಟು ಆರುತ್ತಿದ್ದರೂ ಮುಟ್ಟದೆ, "ಈ ಹುಡುಗೀನೇ ಸಾಕು" ಎಂದಿದ್ದರು. ಮದ್ರಾಸಿಗೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಕಲಾವತಿ ಅಡುಗೆಮನೆಯಲ್ಲಿ ಹೂಬತ್ತಿ ಹೊಸೆಯುತ್ತ, ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ಹೊರಗಿನ ಹಾಲಿನಿಂದ ಅತ್ತೆಯ ದನಿ ಬಂತು: "ದೊಡ್ಡದು ಮಾಡೇ."

ಅವಳು ನಿಲ್ಲಿಸಿಬಿಟ್ಟಳು.

ತವರಿನಲ್ಲಿ ದೀಪ ಆರಿಸು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದು ಅಪಶಕುನ. ದೀಪ ದೊಡ್ಡದು ಮಾಡು ಎನ್ನುತ್ತಿದ್ದರು. ಅಕ್ಕಿ ತೀರಿದರೆ ಹೆಚ್ಚಾಗಿದೆ ಎನ್ನುತ್ತಿದ್ದರಲ್ಲ, ಹಾಗೆ. ಅತ್ತೆಯೂ ತನ್ನ ಹಾಡನ್ನು ಮರ್ಯಾದೆಯಿಂದಲೇ ಆರಿಸಲು ಹೇಳಿದರು ಎಂದುಕೊಂಡಳು. ಇನ್ನೊಮ್ಮೆ ರೇಡಿಯೋ ಹಾಕಿದಾಗಲೂ ಅದೇ ಮಾತು ಬಂತು. ಅದನ್ನೂ ಆರಿಸಿದಳು. ಆಮೇಲೆ ಹಾಡು ಕೇಳಬೇಕೆನಿಸಿದರೆ ಅಡುಗೆಮನೆಯ ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಕೂರುವುದು ರೂಢಿಯಾಯಿತು.

ಅಂಬುಜಮ್ಮ ನೆಂಟರಿಷ್ಟರಿಗೆ ನಗುತ್ತ ಹೇಳುತ್ತಿದ್ದರು: "ನಮ್ಮ ಸೊಸೆ ಒಂದೇ ಹಾಡು ಕಲ್ತಿದ್ಲು. ಅದನ್ನ ಹೆಣ್ಣು ನೋಡೋ ದಿವಸವೇ ಖರ್ಚು ಮಾಡ್ಬಿಟ್ಲು." ಎಲ್ಲರೂ ನಗುತ್ತಿದ್ದರು. ಕಲಾವತಿಯೂ ನಕ್ಕು ಕಾಫಿ ತರಲು ಏಳುತ್ತಿದ್ದಳು.

ಹಳೆಯ ಜೋಡಿ ಇದ್ದದ್ದು ಕೋಡಂಬಾಕ್ಕಂನ ಪರಮೇಶ್ವರಪ್ಪನವರ ಮನೆಯಲ್ಲಿ. ಗದಗಿನ ಕಡೆಯವರು, ಬಟ್ಟೆ ವ್ಯಾಪಾರ. ಮೊಣಕಾಲು ನೋವಿನಿಂದ ಮಹಡಿ ಹತ್ತಲಾರದೆ ಸಣ್ಣ ಮನೆಗೆ ಹೋಗುವವರಿದ್ದರು. ಎದೆಯೆತ್ತರದ, ವಾಲ್‌ನಟ್ ಮರದ ಆ ವಿಲಾಯಿತಿ ಸ್ಪೀಕರುಗಳು ಅಲ್ಲಿ ಹಿಡಿಸುವಂತಿರಲಿಲ್ಲ, ಮಾರಲು ಹೊರಟಿದ್ದರು. ಮಗಳು ಬರಲಿಲ್ಲ. ಗಂಡ ಹೆಂಡತಿ ಇಬ್ಬರೇ ಹೋದರು.

"ಹೊಸಾ ಸ್ಪೀಕರ್ ಅಂದ್ರ ಹೊಸಾ ಸೊಸಿ ಇದ್ದಂಗ್ರಿ," ಎಂದರು ಪರಮೇಶ್ವರಪ್ಪ. "ಬಾಯಿ ಬಿಡಾಕ ಭಾಳ ದಿನಾ ಬೇಕು. ಇವು ಹಾಡಿ ಹಾಡಿ ಪಳಗ್ಯಾವ."

"ಕೆಲವು ಸೊಸೆಯರು ಬಾಯಿ ಬಿಡೋದೇ ಇಲ್ಲ ಸಾರ್," ಎಂದು ಮುರಳೀಧರ ಕಣ್ಣು ಮಿಟುಕಿಸಿದ.

ತಂಬೂರಿಯ ಶ್ರುತಿ ಎದ್ದಿತು. ಅದು ಕಿವಿಗೆ ಬಂದು ಬಡಿಯಲಿಲ್ಲ. ನೆಲದ ಮೇಲೆ ಹರಡಿ ಪಾದದಿಂದ ಏರಿತು. ಕಲಾವತಿ ತನಗರಿವಿಲ್ಲದೆ ಮರದ ಮೇಲೆ ಕೈಯಿಟ್ಟಳು. ಕುದಿಯುವ ಹಾಲಿನ ಪಾತ್ರೆಯಂತೆ ಅದು ಒಳಗೇ ಮಿಡಿಯುತ್ತಿತ್ತು. ಇದು ಬೇಕು ಎನಿಸಿತು. ಹಾಗೆ ಏನಾದರೂ ಬೇಕೆನಿಸಿ ಎಷ್ಟು ಕಾಲವಾಗಿತ್ತೋ.

ಅಷ್ಟರಲ್ಲಿ ಕರೆಂಟು ಹೋಯಿತು. ಪರಮೇಶ್ವರಪ್ಪನವರ ಹೆಂಡತಿ ಬಸವಣ್ಣೆಮ್ಮ ಕಂದೀಲು ಹಚ್ಚಿ ತಂದು ಮುರಳೀಧರನ ಪಕ್ಕದ ಸ್ಟೂಲಿನ ಮೇಲಿಟ್ಟು, ಚಹಾ ಮಾಡಲು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಲೈಟು ಬಂತು.

"ದೀಪ ದೊಡ್ಡದ ಮಾಡ್ರಿ ಅಣ್ಣಾರ," ಎಂದು ಅವರು ಒಳಗಿನಿಂದ ಕೂಗಿದರು.

ಮುರಳೀಧರ ವಿಧೇಯನಾಗಿ ಕಂದೀಲಿನ ಬತ್ತಿ ಏರಿಸಿದ. ಉರಿ ಭಗ್ಗೆಂದು ಎದ್ದು ಗಾಜು ಕಪ್ಪಾಯಿತು.

"ಅಯ್ಯ, ಮನಿ ಸುಡ್ತೀರೇನ್ರೀ!" ಪರಮೇಶ್ವರಪ್ಪ ಬಿದ್ದು ಬಿದ್ದು ನಕ್ಕರು. "ದೊಡ್ಡದ ಮಾಡು ಅಂದ್ರ ಆರಿಸು ಅಂತ!"

"ಅದ್ಯಾವ ಕನ್ನಡ ಸಾರ್? ನಮ್ಮಲ್ಲಿ ದೊಡ್ಡದು ಮಾಡು ಅಂದ್ರೆ ದೊಡ್ಡದು ಮಾಡು. ಪೆರುಸು ಪಣ್ಣು. ಮೂರು ತಲೆಮಾರಿಂದ ಮದ್ರಾಸಿನವರು, ನಮಗೆ ಇದೆಲ್ಲ ಏನು ಗೊತ್ತು?"

ಕಲಾವತಿಯೂ ನಗತೊಡಗಿದ್ದಳು. ನಗು ನಡುವೆಯೇ ನಿಂತಿತು.

ಚಹಾ ಬಂತು. ಕುಡಿದಳೋ ಇಲ್ಲವೋ ಅವಳಿಗೆ ನೆನಪಿಲ್ಲ. ಮೆಟ್ಟಿಲಿಳಿಯುವಾಗ ಗಂಡ, "ಹೊಸದಕ್ಕೇ ಹೇಳ್ಬಿಡ್ತೀನಿ. ವಾರಂಟಿ ಇರತ್ತೆ, ಇಷ್ಟು ಜಾಗಾನೂ ತಿನ್ನಲ್ಲ," ಎಂದ.

ಮನೆಗೆ ಬಂದಾಗ ಅಂಬುಜಮ್ಮ ಹಾಲಿನಲ್ಲಿ ತಮ್ಮ ಕುರ್ಚಿಯ ಮೇಲೆ ಕೂತಿದ್ದರು. ಈಗ ಅವರಿಗೆ ಕಿವಿ ಕೇಳುವುದು ಅಷ್ಟಕ್ಕಷ್ಟೆ. ಕಲಾವತಿ ಚಪ್ಪಲಿ ಬಿಟ್ಟವಳೇ ಅವರ ಪಕ್ಕ ನೆಲದ ಮೇಲೆ ಕೂತು ಕಿವಿಯ ಹತ್ತಿರ ಬಾಯಿಟ್ಟಳು.

"ಅತ್ತೇ, ಆಗ ನಾ ಹಾಡೂವಾಗ ದೊಡ್ಡದು ಮಾಡು ಅಂದಿದ್ರಲ್ಲ..."

"ಆಂ? ಹೂಂ, ಅಂದೆ. ಹಾಲಿಗೆ ಕೇಳಿಸ್ತಾ ಇರ್ಲಿಲ್ಲ. ನಂಗೆ ಆಗ್ಲೇ ಎಡಗಿವಿ ಮಂದ, ಯಾರಿಗೂ ಹೇಳಿರ್ಲಿಲ್ಲ. ನೀ ಟಕ್ ಅಂತ ನಿಲ್ಲಿಸ್ಬಿಟ್ಟೆ. ರೇಡಿಯೋ ದೊಡ್ಡದು ಮಾಡು ಅಂದ್ರೂ ಆರಿಸ್ಬಿಟ್ಟೆ." ಅಂಬುಜಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಸರಿ, ಇವಳಿಗೆ ನಾನು ಕೇಳೋದು ಪಿಡಿಕ್ಕಲೆ ಅಂದ್ಕೊಂಡೆ. ಇಷ್ಟ ಇಲ್ದೆ ಇದ್ರೆ ಬಲವಂತ ಮಾಡೋಕ್ಕಾಗತ್ತಾ?"

ಕಲಾವತಿಗೆ ಹೇಳಲು ಬೇಕಾದಷ್ಟಿತ್ತು. ಧಾರವಾಡದ ದೀಪದ ಮಾತನ್ನು ಈ ಕಿವಿಗೆ ಕೂಗಿ ಹೇಳಿದರೆ ಪಕ್ಕದ ಫ್ಲ್ಯಾಟಿನವರು ಜಗಳವೆಂದುಕೊಂಡಾರು. ಆದರೂ ಹೇಳಿದಳು.

"ಅಸಡು, ಪೆದ್ದೇ," ಎಂದರು ಅಂಬುಜಮ್ಮ. "ಒಂದು ಮಾತು ಕೇಳಬಾರದಾಗಿತ್ತಾ?" ಮತ್ತೆ ತಾವೇ, "ನಾನೂ ಕೇಳಲಿಲ್ಲ ಬಿಡು," ಎಂದರು.

ಕಲಾವತಿ ಎದ್ದು ಗಂಡನ ಮುಂದೆ ನಿಂತಳು. "ಹಳೇವೇ ಬರ್ಲಿ."

"ಯಾಕೆ? ಅದೇನು ನಿಂಗೆ ದಿಢೀರ್ ಅಂತ?"

"ಹೊಸಾವು ಕಿವಿ ಇದ್ದೋರಿಗೆ. ಇವನ್ನ ಕೈಯಿಂದ ಕೇಳಬಹುದು."

ಮುರಳೀಧರ ಪರಮೇಶ್ವರಪ್ಪನವರಿಗೆ ಫೋನು ಮಾಡಿದ. ಅವಳು ತಗೋರಿ ಎನ್ನದೆ ಬೇಕು ಎಂದದ್ದು ಅವನಿಗೂ ಹೊಸದು.

ಸ್ಪೀಕರುಗಳು ಬಂದ ದಿನ ಹಾಲಿನಲ್ಲಿ ಓಡಾಡಲು ಜಾಗವಿಲ್ಲವೆಂದು ಸುಮೇಧಾ ತಮಿಳಿನಲ್ಲಿ ಗೊಣಗಿದಳು. ಅಂಬುಜಮ್ಮನ ಕುರ್ಚಿಯನ್ನು ಒಂದರ ಪಕ್ಕಕ್ಕೆ ಎಳೆದರು. ಕಲಾವತಿ ಅವರ ಅಂಗೈಯನ್ನು ಮರದ ಮೇಲಿಟ್ಟಳು. ಹಾಡು ಶುರುವಾಯಿತು.

"ಏನೋ ಇದೆ," ಎಂದರು ಅಂಬುಜಮ್ಮ. "ದೊಡ್ಡದು ಮಾಡೇ."

ಕಲಾವತಿಯ ಬೆರಳು ಹಳೆಯ ಅಭ್ಯಾಸಕ್ಕೆ ಸ್ವಿಚ್ಚಿನ ಕಡೆಗೇ ಹೋಯಿತು. ತಡೆದು, ಗುಂಡಿ ತಿರುಗಿಸಿದಳು. ಮರ ನಡುಗಿತು. ಅಂಬುಜಮ್ಮ ಕಣ್ಣು ಮುಚ್ಚಿಕೊಂಡು ತಲೆದೂಗಿದರು. ಅದು ಗಂಡಸಿನ ದನಿಯೋ ಹೆಂಗಸಿನದೋ, ಯಾವ ರಾಗವೋ ಅವರಿಗೆ ತಿಳಿಯುವಂತಿರಲಿಲ್ಲ. ಬೆರಳುಗಳು ತಾಳ ಹಾಕಹೋಗಿ ತಪ್ಪಿದವು.

ಹಾಡು ಮುಗಿದ ಮೇಲೆ ಅವರು ಕೇಳಿದರು: "ಹೆಣ್ಣು ನೋಡೋಕೆ ಬಂದಾಗ ಹಾಡಿದ್ಯಲ್ಲ, ಅದು ಇದರಲ್ಲಿ ಬರತ್ತಾ?"

ಇಲ್ಲವೆಂದು ತಲೆಯಾಡಿಸಿದ ಕಲಾವತಿ ಆ ಕೈಯನ್ನು ಮರದಿಂದ ತೆಗೆದು ತನ್ನ ಗಂಟಲಿಗೆ ಒತ್ತಿಕೊಂಡಳು. ಮೊದಲ ಸಾಲು ಎತ್ತಿಕೊಂಡಳು. ದನಿ ತುಕ್ಕು ಹಿಡಿದ ಕೀಲಿನಂತೆ ಕಿರುಗುಟ್ಟಿತು. ಎರಡನೆಯ ಸಾಲಿನ ಪದ ನೆನಪಾಗಲಿಲ್ಲ. ಬರೀ ಸ್ವರ ಹಿಡಿದಳು.

ಅಂಬುಜಮ್ಮ ಬೆರಳು ಸರಿಸಿ ಹುಡುಕಿದರು.

"ಹಾಡ್ತಾ ಇದೀಯೋ, ಕೆಮ್ತಾ ಇದೀಯೋ?"

"ಹಾಡ್ತಿದೀನಿ ಅತ್ತೇ."

"ತಿಳೀತಾ ಇಲ್ಲ ಕಣೇ. ಸ್ವಲ್ಪ ದೊಡ್ಡದು ಮಾಡು."

ಅವಳು ಎದೆ ತುಂಬ ಉಸಿರೆಳೆದುಕೊಂಡಳು. ಇದ್ದದ್ದೇ ಅಷ್ಟು ದನಿ.