ಅಪ್ಪನ ಕಾರಿನ ಕೆಂಪು ದೀಪ

ಅಪ್ಪನನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಅಂಗಳದಲ್ಲಿ ಕಾರು ಇರಲಿಲ್ಲ. ನನ್ನ ಗಂಡ ರಾತೊಮಿರ್ ಅದನ್ನು ಅವನಮ್ಮನ ಮನೆಗೆ ಸಾಗಿಸಿದ್ದ. ವಿಚ್ಛೇದನ ಆದಮೇಲೂ ಕೊಡಲಿಲ್ಲ. ‘ಮಾವ ಪ್ರೀತಿಯಿಂದ ನನಗೇ ಕೊಟ್ಟರು’ ಎಂದು ಊರಿಡೀ ಸಾರಿದ. ಅವನು ಹತ್ತು ಮದುವೆಯಾಗಲಿ, ನನಗೇನು? ಆ ಬಿಳಿ ಕಾರು ಮಾತ್ರ ನನ್ನದು. ಅದರ ಒಂದೊಂದು ತಂತಿಯನ್ನೂ ಅಪ್ಪ ನನ್ನ ಕೈಯಿಂದಲೇ ಎಳೆಸಿದ್ದ.

ಮೊನ್ನೆ ಶುಕ್ರವಾರ ಅದೇ ಕಾರು ನನ್ನ ರಿಪೇರಿ ವರ್ಕ್‌ಶಾಪಿನ ಮುಂದೆ ಬಂದು ನಿಂತಿತು. ಇಳಿದವನು ಅವನೇ. ಮುಖಕ್ಕೆ ನಾಚಿಕೆ ಎಂಬುದೇ ಇಲ್ಲ.

“ಯಗೋದಾ, ನಾಳೆ ಮದ್ವೆ. ಹಾರ್ನ್ ಹೊಡೆದ್ರೆ ಲೈಟು ಮಂಕಾಗುತ್ತೆ. ಬೇರೆ ಗ್ಯಾರೇಜಿನ ಹುಡುಗ್ರ ಹತ್ರ ಹೋದೆ, ಹಳೇ ಗಾಡಿ, ಕಂಪ್ಯೂಟರ್ ಸಿಕ್ಕಿಸೋಕೆ ಜಾಗಾನೇ ಇಲ್ಲ ಅಂದ್ರು.”

“ಅದಕ್ಕೆ ನನ್ನ ನೆನಪಾಯ್ತಾ?”

“ಹಳೇದೆಲ್ಲ ಬಿಡೇ. ಸೊಸೆ ಬರೋ ಕಾರು ದಾರೀಲಿ ಕೈಕೊಟ್ರೆ ಅಮ್ಮ ಸುಮ್ನಿರ್ತಾಳಾ?”

ಮೈಯೆಲ್ಲ ಉರಿದುಹೋಯಿತು. ಆದರೂ ಬಾನೆಟ್ ಎತ್ತಿದೆ. ಎಂಜಿನ್ ಓಡುತ್ತಿದ್ದರೂ ವೋಲ್ಟ್ ಮೀಟರಿನ ಮುಳ್ಳು ಹನ್ನೆರಡರಿಂದ ಮೇಲೇಳಲಿಲ್ಲ. ಬೆಲ್ಟು ಸಡಿಲ, ಬ್ಯಾಟರಿಯ ತುದಿಗಳಲ್ಲಿ ಹಸಿರು ಕಿಲುಬು, ಅರ್ಥಿಂಗ್ ತಂತಿಗೆ ತುಕ್ಕು. ಅಪ್ಪನ ಕಾರನ್ನು ಆ ಪಾಪಿ ಕಸದ ಗಾಡಿ ಮಾಡಿಟ್ಟಿದ್ದ. ಉಜ್ಜಿ, ಬಿಗಿದು, ಮತ್ತೆ ಅಳೆದಾಗ ಮುಳ್ಳು ಹದಿನಾಲ್ಕು ದಾಟಿತು. ಅವನು ಕೇಳಿದ್ದನ್ನು ಪೂರ್ತಿ ಮಾಡಿಕೊಟ್ಟೆ.

ಆಮೇಲೆ ನನ್ನ ಕೆಲಸ ಮಾಡಿಕೊಂಡೆ. ಅವನು ಸಿಗರೇಟು ಸೇದಲು ರಸ್ತೆಗೆ ಹೋದಾಗ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ, ಬ್ಯಾಟರಿಯ ಕೆಂಪು ದೀಪದ ಬಲ್ಬ್ ಕಿತ್ತು ಜೇಬಿಗೆ ಹಾಕಿಕೊಂಡೆ. ಈ ಕಾರಿನಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿಗೆ ಮೊದಲ ಚೂರು ಕರೆಂಟು ಹೋಗುವುದು ಆ ಬಲ್ಬಿನ ಮೂಲಕವೇ. ಅದಿಲ್ಲದಿದ್ದರೆ ಆಲ್ಟರ್ನೇಟರ್ ಬರಿದೇ ಸುತ್ತುತ್ತದೆ, ಬ್ಯಾಟರಿಗೆ ಏನೂ ಸೇರುವುದಿಲ್ಲ. ಎಚ್ಚರಿಸಬೇಕಾದ ದೀಪವೇ ಇಲ್ಲವಲ್ಲ, ಯಾರಿಗೂ ತಿಳಿಯುವುದಿಲ್ಲ.

ಕೀಲಿ ತಿರುಗಿಸಿದ ಕೂಡಲೇ ಆ ದೀಪ ಹೊತ್ತಿಕೊಳ್ಳಬೇಕು, ಎಂಜಿನ್ ಓಡತೊಡಗಿದ ಮೇಲೆ ಆರಬೇಕು. ಅಪ್ಪ ಅದನ್ನು ನೋಡದೆ ಒಂದು ದಿನವೂ ಎಂಜಿನ್ ಚಾಲೂ ಮಾಡಿದವನಲ್ಲ. ರಾತೊಮಿರ್ ಅಂದು ಚಾಲೂ ಮಾಡುವ ಮುಂಚೆ ಒಂದು ಸಲ ಕಣ್ಣು ಹಾಯಿಸಿದ್ದರೆ ಸಾಕಿತ್ತು, ಬಲ್ಬ್ ವಾಪಸ್ ಹಾಕಿ ಕಳಿಸುತ್ತಿದ್ದೆ. ಅವನು ಕನ್ನಡಿಯಲ್ಲಿ ಕೂದಲು ನೋಡಿಕೊಳ್ಳುತ್ತಾ ಚಾಲೂ ಮಾಡಿದ.

“ಕೆಂಪು ದೀಪ ಉರೀತಿಲ್ಲ. ಭೇಷ್!” ಎಂದು ಹಲ್ಲು ಕಿರಿದು ಹೋದ.

ಶನಿವಾರ ಮದುಮಗಳನ್ನು ಕರೆದುಕೊಂಡು ದಿಬ್ಬಣ ಹೊರಟಿತು. ಮುಂದೆ ಮದುವೆಯ ಬಾವುಟ ಹಿಡಿದವನು, ಹಗಲಲ್ಲೂ ಹೆಡ್‌ಲೈಟು, ಎಡೆಬಿಡದ ಹಾರ್ನ್, ರೇಡಿಯೋದಲ್ಲಿ ತುತ್ತೂರಿ. ಮೊರಾವಾ ನದಿಯ ಸೇತುವೆಯ ಮೇಲೆ ಕಾರು ನಿಲ್ಲುತ್ತದೆಂದು ನಾನು ಅಂದಾಜು ಮಾಡಿದ್ದೆ. ಅದು ಸೇತುವೆ ದಾಟಿ ಬಂದು, ಸಂತೆಯ ನಟ್ಟನಡುವೆ, ಮೆಣಸಿನಕಾಯಿ ಮಾರುವವರ ಎದುರು, ನನ್ನ ವರ್ಕ್‌ಶಾಪಿನಿಂದ ಕಾಣುವ ಹಾಗೆ ನಿಂತಿತು. ಅಷ್ಟು ಒಳ್ಳೆಯ ಜಾಗ ನಾನು ಬೇಡಿಕೊಂಡಿರಲಿಲ್ಲ.

ಇನ್ನೊಂದು ಕಾರಿನ ಬ್ಯಾಟರಿಯಿಂದ ತಂತಿ ಕೊಟ್ಟರು. ತಂತಿ ತೆಗೆದು ನಾಲ್ಕು ಮಾರು ಹೋಗುವಷ್ಟರಲ್ಲಿ ಮತ್ತೆ ಕೆಟ್ಟಿತು. ಮದುಮಗಳನ್ನು ಬೇರೆ ಕಾರಿಗೆ ಹತ್ತಿಸೋಣವೆಂದರೆ ನನ್ನ ಮಾಜಿ ಅತ್ತೆ ರಸ್ತೆಯಲ್ಲೇ ಎದೆ ಬಡಿದುಕೊಂಡಳು. “ಮನೆ ಮುಟ್ಟೋಕೆ ಮುಂಚೆ ಸೊಸೆ ಕಾಲು ಕೆಳಗಿಟ್ರೆ ವಂಶ ನಿಲ್ಲಲ್ಲ! ಹೋಗೋ, ಆ ಯಗೋದಾಳನ್ನೇ ಕರ್ಕೊಂಡು ಬಾ!”

ಅವನು ಬೆವರುತ್ತಾ ಬಂದ. ನಾನು ಅವಸರವಿಲ್ಲದೆ ಕೈ ಒರೆಸಿಕೊಂಡು ಹೋದೆ. ಸಂತೆಯವರೆಲ್ಲ ಸುತ್ತ ನೆರೆದಿದ್ದರು.

“ಮೊದ್ಲು ಹೇಳು. ಇದು ಯಾರ ಕಾರು?”

“ಯಗೋದಾ, ಕಾಲಿಗೆ ಬೀಳ್ತೀನಿ, ಈಗ ಬೇಡ...”

“ಈಗ್ಲೇ. ಎಲ್ರಿಗೂ ಕೇಳಿಸ್ಬೇಕು.”

“ನಿಮ್ಮಪ್ಪಂದು.”

“ನಿನಗೆ ಕೊಟ್ಟಿದ್ರಾ?”

ಅವನು ಅಮ್ಮನ ಮುಖ ನೋಡಿದ. ಅವಳು ನೆಲ ನೋಡಿದಳು. “ಇಲ್ಲ. ನಾನೇ ತಗೊಂಡು ಹೋದೆ.”

“ಕೀಲಿ ಕೊಡು.”

ಕೊಟ್ಟ. ಜನ ಗೊಳ್ಳೆಂದು ನಕ್ಕರು. ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಬಲ್ಬ್ ಕೂರಿಸಿ, ನನ್ನಲ್ಲಿಂದ ತಂದ ಬೇರೆ ಬ್ಯಾಟರಿ ಹಾಕಿ ಚಾಲೂ ಮಾಡಿದೆ. ರಾತೊಮಿರ್ ಪಕ್ಕದ ಸೀಟಿನ ಬಾಗಿಲಿಗೆ ಕೈ ಹಾಕಿದ.

“ನೀನ್ ನಡ್ಕೊಂಡು ಬಾ. ಇದು ನನ್ನ ಕಾರು,” ಎಂದೆ.

ಸಂತೆ ದಾಟಿದ ಮೇಲೆ ಹಿಂದೆ ಕೂತಿದ್ದ ಮದುಮಗಳು ನೆವೆಂಕಾ ಮುಂದಕ್ಕೆ ಬಾಗಿದಳು. ಆಮೇಲೆ ಮೆಲ್ಲಗೆ ಕೇಳಿದಳು. “ಅಕ್ಕಾ, ಆ ಬಲ್ಬು ನಿಮ್ಮ ಜೇಬಲ್ಲೇ ಇತ್ತಲ್ವಾ?”

“ನಿನ್ನೆಯಿಂದ.”

“ನನಗೋಸ್ಕರ ಕೊಂಡ್ಕೊಂಡೆ ಅಂದಿದ್ರು ಈ ಕಾರನ್ನ.”

ರಾತೊಮಿರನ ಮನೆ ಬಾಗಿಲಲ್ಲಿ ಎಂಜಿನ್ ಆರಿಸಿದೆ. ಅವಳು ಇಳಿಯಲಿಲ್ಲ. ಉಳಿದ ಕಾರುಗಳು ಸಂತೆಯ ಜಂಗುಳಿಯಲ್ಲಿ ಸಿಕ್ಕಿಕೊಂಡಿದ್ದವು; ದೂರದಲ್ಲಿ ಧೂಳು ಮೆತ್ತಿದ ಬೂಟಿನಲ್ಲಿ, ಬಾವುಟ ಹಿಡಿದವನ ಹಿಂದೆ, ರಾತೊಮಿರ್ ಓಡೋಡಿ ಬರುತ್ತಿದ್ದ.

“ಇನ್ನೂ ನೆಲಕ್ಕೆ ಕಾಲಿಟ್ಟಿಲ್ಲ, ಅಕ್ಕಾ,” ಎಂದಳು ನೆವೆಂಕಾ. “ನಮ್ಮನೆಗೆ ವಾಪಸ್ ಬಿಡ್ತೀರಾ?”

ಇಷ್ಟನ್ನು ನಾನು ಬಯಸಿರಲಿಲ್ಲ. ಬೇಡವೆಂದೂ ಅನ್ನಲಿಲ್ಲ. ಕೀಲಿ ತಿರುಗಿಸಿದೆ, ಕೆಂಪು ದೀಪ ಹೊತ್ತಿಕೊಂಡಿತು. ಅದನ್ನು ನೋಡಿ, ಆಮೇಲೆ ಚಾಲೂ ಮಾಡಿದೆ.